ಅತ್ತೆಯವರು ಮಾತಾಡಿದ ಬೇಸಿಗೆ

ನನ್ನ ಮದುವೆಯಾಗಿ ಆಗ ಇಪ್ಪತ್ತಾರು ವರ್ಷಗಳಾಗಿದ್ದವು. ಅಷ್ಟೂ ವರ್ಷಗಳಲ್ಲಿ ನನ್ನ ಹೆಂಡತಿಯ ತಾಯಿ ನನ್ನೊಡನೆ ಆಡಿದ ಮಾತುಗಳನ್ನೆಲ್ಲ ಬರೆದಿಟ್ಟರೆ ಒಂದು ಹಾಳೆ ತುಂಬುತ್ತಿರಲಿಲ್ಲ. ನಾನು ಹೊಳೆಆಲೂರಿಗೆ ಹೋದಾಗ ಅವರು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, "ಆರಾಮ ಅದಾರಂತೇನು?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದುದು ಮಗಳನ್ನು. ನಾನೂ ಹೆಂಡತಿಯ ಮುಖ ನೋಡಿಕೊಂಡೇ "ಆರಾಮ್ರಿ" ಎನ್ನುತ್ತಿದ್ದೆ. ಅಳಿಯನ ಎದುರು ಅತ್ತೆ ಕೂಡಬಾರದು, ಉಣ್ಣಬಾರದು, ಮುಖ ನೋಡಿ ಮಾತಾಡಬಾರದು ಎಂಬುದು ಅವರು ತಮ್ಮ ಹಿರಿಯರಿಂದ ಕಲಿತ ಮರ್ಯಾದೆ. ಅದರಿಂದ ನನಗೇನೂ ತೊಂದರೆಯಾಗಿರಲಿಲ್ಲ. ಕಡಿಮೆ ಮಾತಿನ ಮನುಷ್ಯರು ಎಂದು ತಿಳಿದುಕೊಂಡು ಸುಮ್ಮನಿದ್ದೆ.

ನಾನು ಗಜೇಂದ್ರಗಡದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬೇಸಿಗೆ ರಜೆಯೆಂದರೆ ನನಗೆ ಕಾದಂಬರಿಗಳ ಕಾಲ. ಆ ವರ್ಷ ಗ್ರಂಥಾಲಯದಿಂದ ತಂದವು, ಗೆಳೆಯರಿಂದ ತಂದವು ಸೇರಿ ಒಂಬತ್ತು ಪುಸ್ತಕಗಳನ್ನು ಕಿಟಕಿಯ ಕಟ್ಟೆಯ ಮೇಲೆ ಪೇರಿಸಿಟ್ಟಿದ್ದೆ. ಏಪ್ರಿಲ್ ಬಂತೆಂದರೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಮೇಲೆ ಫ್ಯಾನು ತಿರುಗಿಸಿಕೊಂಡು, ಹೆಂಡತಿ ಕರೆದಾಗ ಎದ್ದು ಉಂಡು, ಮತ್ತೆ ಬಂದು ಅಡ್ಡಾಗಿ ಓದುವುದು ನನ್ನ ಬಹಳ ವರ್ಷಗಳ ರೂಢಿ.

ಶಾಲೆಗೆ ರಜೆ ಬೀಳುವ ಮೊದಲೇ ಅತ್ತೆಯವರು ತಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅವರ ಮಗ, ಸೊಸೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕಟ್ಟಡ ಕೆಲಸಕ್ಕೆ ಗೋವೆಗೆ ಹೋಗಿ ಮಳೆಗಾಲಕ್ಕೆ ತಿರುಗಿ ಬರುವವರು. ಹಾಗಾಗಿ ಹೆಂಡತಿ ತಾಯಿಯನ್ನು ನಮ್ಮ ಮನೆಗೆ ಕರೆತಂದಳು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದರು, ಆರು ವಾರ ತೆಗೆಯುವಂತಿರಲಿಲ್ಲ. ಅವರು ಬಂದು ಎಂಟು ದಿನವಾಗಿತ್ತೋ ಇಲ್ಲವೋ, ಹುಬ್ಬಳ್ಳಿಯಿಂದ ನಮ್ಮ ಮಗಳ ಫೋನು ಬಂತು. ಅವಳಿಗೆ ಆಗ ಏಳನೆಯ ತಿಂಗಳು. ಹಾಸಿಗೆಯಿಂದ ಏಳಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವಳ ಗಂಡನ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ.

ಹೆಂಡತಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದಳು.

"ಅವ್ವನ್ನೂ ಕರಕೊಂಡು ಹೋಗಬೇಕಂದ್ರ ಅಲ್ಲಿ ಎರಡ ಖೋಲಿ. ಅದೂ ಮೂರನೇ ಮಾಳಿಗಿ," ಎಂದಳು.

"ಅವರು ಇಲ್ಲೇ ಇರ್ಲಿ. ಸಾಲಿಗೆ ರಜಾ ಬಿದ್ದೈತಿ, ನಾ ಇದ್ದೀನಲ್ಲ," ಎಂದೆ.

"ನೀವು ಇದ್ದೀರಿ ಅನ್ನೂದ ನನಗ ಚಿಂತಿ ಆಗೇತಿ."

ಆಮೇಲೆ ಒಳಗಿನ ಕೋಣೆಯಿಂದ ಅತ್ತೆಯವರ ದನಿ ಕೇಳಿತು. "ಅಳಿಯಾರ ಕೈಯಾಗಿಂದು ಉಣ್ಣೂದಾ? ನಾ ಊರಿಗೆ ಹೋಗ್ತೀನಿ ತಗಿ."

"ಅಲ್ಲಿ ಯಾರದಾರ ಬೇ? ಮನಿಗೆ ಕೀಲಿ ಹಾಕೇತಿ," ಎಂದಳು ಹೆಂಡತಿ. ಮೂಗು ಒರೆಸಿಕೊಳ್ಳುವ ಸಪ್ಪಳ ಕೇಳಿತು. ಯಾರದೆಂದು ತಿಳಿಯಲಿಲ್ಲ.

ಹೋಗುವ ಮೊದಲು ಹೆಂಡತಿ ಎಲ್ಲ ವ್ಯವಸ್ಥೆ ಮಾಡಿದಳು. ಪಕ್ಕದ ಮನೆಯಾಕೆ, ಮಗ್ಗ ನೇಯುವವರು, ಬೆಳಿಗ್ಗೆ ಬಂದು ಅತ್ತೆಯವರಿಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ತಲೆ ಬಾಚಿ ಹೋಗಬೇಕು. ಎರಡು ಓಣಿಯಾಚೆ ರೊಟ್ಟಿ ಮಾಡಿ ಮಾರುವ ಮನೆಯೊಂದಿದೆ, ಅಲ್ಲಿಂದ ರೊಟ್ಟಿ ತರಬೇಕು. ಅನ್ನ, ಸಾರು ಮಾಡುವುದನ್ನು ನನಗೆ ಎರಡು ಸಲ ಎದುರಿಗೆ ನಿಲ್ಲಿಸಿ ತೋರಿಸಿದಳು. ಮರುದಿನ ಬಸ್ಸು ಹತ್ತಿದಳು.

ಮನೆಯಲ್ಲಿ ಇಬ್ಬರೇ ಉಳಿದೆವು. ನಾನು ಪಡಸಾಲೆಯಲ್ಲಿದ್ದರೆ ಅವರು ಒಳಕೋಣೆಯಲ್ಲಿ. ನಾನು ಅಡುಗೆಮನೆಗೆ ಹೋದರೆ ಅವರು ಹಿತ್ತಲಿಗೆ ಹೋಗುತ್ತಿದ್ದರು. ಊಟದ ಹೊತ್ತಿಗೆ ತಾಟಿನಲ್ಲಿ ಎರಡು ರೊಟ್ಟಿ, ಒಂದಿಷ್ಟು ಪಲ್ಯ, ಅನ್ನ ಇಟ್ಟು, ಮೇಲೊಂದು ತಾಟು ಮುಚ್ಚಿ, ಸ್ವಲ್ಪ ಕೆಮ್ಮಿ ನಾನು ಹೊರಗೆ ಬಂದುಬಿಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ತಾಟು ತೊಳೆದು ಬೋರಲು ಹಾಕಿರುತ್ತಿತ್ತು. ಎಲ್ಲ ಸರಿಯಾಗಿ ನಡೆದಿದೆ ಎಂದುಕೊಂಡು ನಾನು ಕಾದಂಬರಿಗೆ ಮರಳುತ್ತಿದ್ದೆ.

ಐದನೆಯ ದಿನ ಪಕ್ಕದ ಮನೆಯಾಕೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಮೆಲ್ಲಗೆ ಹೇಳಿದರು. "ಸರ, ಅವ್ವಾರು ಉಣ್ಣವಲ್ರು. ನೀವು ಇಟ್ಟ ರೊಟ್ಟಿ ನಮ್ಮ ಆಕಳಿಗೆ ಬರಾಕತ್ತಾವ."

"ಯಾಕ್ರಿ? ನನ್ನ ಪಲ್ಯ ಅಷ್ಟು ಕೆಟ್ಟೈತೇನು?"

"ಪಲ್ಯದ ಮಾತಲ್ರಿ. ಅವು ಖಟಕ್ ರೊಟ್ಟಿ. ಒಂದ ಕೈಲೆ ಮುರಿಯಾಕ ಬರಂಗಿಲ್ಲ. ಮತ್ತ ಎಡಗೈಲೆ ತುತ್ತು ಎತ್ತಾಕ ನಾಚಿಕಿ. ಮಜ್ಜಿಗಿ ಕುಡದು ಮಲಕೊಳ್ತಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ, ಆದ್ರ ನನಗ ತಡಿಲಿಲ್ಲ."

ಐದು ದಿನ ಒಬ್ಬ ಹಿರಿಯ ಹೆಂಗಸು ನನ್ನ ಮನೆಯಲ್ಲಿ ಹಸಿದುಕೊಂಡಿದ್ದರು, ಮತ್ತು ನಾನು ಬೋರಲು ಹಾಕಿದ ತಾಟು ನೋಡಿ ಸಮಾಧಾನಪಟ್ಟುಕೊಂಡಿದ್ದೆ. ಕಟ್ಟಿದ ಬಲಗೈ ನೋಡಿಯೂ ಅವರು ಹೇಗೆ ಉಣ್ಣುತ್ತಾರೆಂದು ಒಂದು ಸಲವೂ ಯೋಚಿಸಿರಲಿಲ್ಲ.

ಆವತ್ತು ರೊಟ್ಟಿ ತರಲು ಹೋಗಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ಪರಾತಕ್ಕೆ ಹಿಟ್ಟು ಸುರಿದುಕೊಂಡು, ನಲ್ಲಿಯ ನೀರು ಹಾಕಿ ಕಲೆಸಿದೆ. ಉಂಡೆ ಮಾಡಿ ತಟ್ಟಿದರೆ ಅಂಚು ಒಡೆದು ನಾಲ್ಕು ದಿಕ್ಕಿಗೆ ಹರಿಯಿತು. ಮತ್ತೆ ಕೂಡಿಸಿ ತಟ್ಟಿದೆ, ಮತ್ತೆ ಹರಿಯಿತು. ಮೂರನೆಯದನ್ನು ಎತ್ತಲು ಹೋದಾಗ ಹಿಂದೆ ಬಾಗಿಲ ಬಳಿ ಬಳೆಗಳ ಸಪ್ಪಳವಾಯಿತು.

"ಜ್ವಾಳದ ಹಿಟ್ಟಿಗೆ ಎಸರು ಬೇಕು," ಎಂದಿತು ದನಿ. "ತಣ್ಣೀರಿಗೆ ಅದು ಕೂಡೂದಿಲ್ಲ."

ತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತಾರೆ ಎಂದು ಗೊತ್ತಿತ್ತು. ಪರಾತದ ಹಿಟ್ಟನ್ನೇ ನೋಡುತ್ತ ಕೇಳಿದೆ, "ನೀರು ಎಷ್ಟು ಕಾಯಬೇಕ್ರಿ?"

ಅವರು ಗೋಡೆಗೆ ಹೇಳಿದರು. "ತಳದಾಗ ಗುಳ್ಳಿ ಎದ್ದು ಮ್ಯಾಲ ಬರಬೇಕು. ಆಗ ಸುರಿಬೇಕು. ಮದ್ಲ ಕಟ್ಟಿಗಿಲೆ ತಿರುವಬೇಕು, ಕೈ ಹಾಕಿದ್ರ ಸುಡತೈತಿ."

ಹೀಗೆ ಅವರು ಗೋಡೆಗೂ ನಾನು ಪರಾತಕ್ಕೂ ಹೇಳಿಕೊಳ್ಳುತ್ತ ಹಿಟ್ಟು ನಾದಿದೆವು. ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಬೇಕು, ಬೆರಳಿನಿಂದಲ್ಲ. ತಟ್ಟುವಾಗ ಒಂದು ಕೈ ಬಡಿಯಬೇಕು, ಇನ್ನೊಂದು ಕೈ ಅಂಚು ಕಾಯಬೇಕು. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೈ ಒರೆಸಬೇಕು. ನನ್ನ ಮೊದಲ ರೊಟ್ಟಿ ಯಾವುದೋ ಜಿಲ್ಲೆಯ ನಕ್ಷೆಯ ಹಾಗಿತ್ತು. ಆದರೂ ಒಂದು ಮೂಲೆಯಲ್ಲಿ ಉಬ್ಬಿತು. ಬಿಸಿಬಿಸಿಯಾಗಿರುವಾಗಲೇ ಸಣ್ಣಗೆ ಹರಿದು, ಮೇಲೆ ತುಪ್ಪ, ಬೇಯಿಸಿದ ಬೇಳೆ ಸುರಿದು, ಒಂದು ಚಮಚ ಇಟ್ಟೆ. "ಚಮಚೆ ಆದ್ರ ಎಡಗೈ ಆದ್ರೂ ನಡಿತೈತಿ," ಎಂದು ಹಂಚಿಗೆ ಹೇಳಿ ಹೊರಗೆ ಬಂದೆ.

ಆ ದಿನ ಪಕ್ಕದ ಮನೆಯ ಆಕಳಿಗೆ ಏನೂ ಹೋಗಲಿಲ್ಲವೆಂದು ಸಂಜೆ ತಿಳಿಯಿತು.

ಒಂದು ಕರಾರು ಮಾತ್ರ ಅವರು ಪಕ್ಕದ ಮನೆಯಾಕೆಯ ಮೂಲಕ ನನಗೆ ಮುಟ್ಟಿಸಿದರು. ಅಳಿಯ ರೊಟ್ಟಿ ಬಡಿದು ಹಾಕಿದ್ದು ಹೊರಗೆ ಯಾರಿಗೂ ಗೊತ್ತಾಗಬಾರದು. ನಾನು ಮುಂಬಾಗಿಲು ಮುಚ್ಚಿ ರೊಟ್ಟಿಗೆ ಕೂಡುತ್ತಿದ್ದೆ. ಆದರೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಬಾಗಿಲು ಲೆಕ್ಕವಿಲ್ಲ. ಮನೆಯಲ್ಲಿರುವುದು ಕೈಮುರಿದ ಮುದುಕಿ ಮತ್ತು ಗಣಿತದ ಮಾಸ್ತರ ಎಂದು ಇಡೀ ಓಣಿಗೆ ಗೊತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಅತ್ತೆಯವರ ಮಾನಕ್ಕಾಗಿ ಓಣಿಯವರೆಲ್ಲ ಕಿವುಡರಾದರು ಎಂದೇ ನನ್ನ ಭಾವನೆ.

ನಮ್ಮ ಹಿತ್ತಲಲ್ಲಿ ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಜಾಗವಿದೆ. ಮನೆ ಕಟ್ಟಿದಾಗ ಉಳಿದ ಕಲ್ಲು, ಇಟ್ಟಿಗೆ ಚೂರು, ಸಿಮೆಂಟಿನ ಗಟ್ಟಿ ಎಲ್ಲ ಅಲ್ಲಿ ಬಿದ್ದಿದ್ದವು. ಒಂದು ಕರಿಬೇವಿನ ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಮುಂಜಾನೆ ಎದ್ದು ನೋಡಿದರೆ ಅತ್ತೆಯವರು ಕುಕ್ಕರಗಾಲಿನಲ್ಲಿ ಕೂತು ಎಡಗೈಯಿಂದ ಕಲ್ಲು ಆರಿಸಿ ಗೋಡೆಯ ಬುಡಕ್ಕೆ ಎಸೆಯುತ್ತಿದ್ದರು. ಆಗಲೇ ಸಣ್ಣದೊಂದು ಗುಡ್ಡೆಯಾಗಿತ್ತು. ಬಲಗೈಯನ್ನು ಸೆರಗಿನಲ್ಲಿ ಜೋಳಿಗೆ ಕಟ್ಟಿಕೊಂಡಿದ್ದರು.

"ಇಷ್ಟು ಜಾಗಾ ಸುಮ್ನ ಬಿದ್ದೈತಿ," ಎಂದರು ಕರಿಬೇವಿನ ಗಿಡಕ್ಕೆ.

ನಾನು ಗುದ್ದಲಿ ತಂದೆ. ಎರಡು ದಿನ ಬೆಳಿಗ್ಗೆ ಬಿಸಿಲೇರುವವರೆಗೆ ಅಗೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂರನೆಯ ದಿನ ಸ್ಕೂಟರಿನಲ್ಲಿ ಪುರ್ತಗೇರಿಗೆ ಹೋಗಿ, ಅಲ್ಲಿಯ ಗೆಳೆಯನ ತಿಪ್ಪೆಯಿಂದ ಎರಡು ಚೀಲ ಗೊಬ್ಬರ ತಂದೆ. ದಾರಿಯುದ್ದಕ್ಕೂ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು, ನನ್ನ ಹಿಂದಿನಿಂದ ಬಂದ ಬೈಕಿನವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ಅತ್ತೆಯವರು ಗೊಬ್ಬರವನ್ನು ಎಡಗೈಯಲ್ಲಿ ಹಿಡಿದು, ಪುಡಿ ಮಾಡಿ ನೋಡಿ, ತಲೆಯಾಡಿಸಿದರು.

ಸಾಲು ಬಿಡುವಾಗ ನಾನು ಅಳತೆಪಟ್ಟಿ, ಹಗ್ಗ, ನಾಲ್ಕು ಗೂಟ ತಂದು ಸಮಾನ ಅಂತರದಲ್ಲಿ ಗೆರೆ ಹಾಕತೊಡಗಿದೆ. ಹಿಂದಿನಿಂದ ನಗು ಕೇಳಿತು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಹಗ್ಗಾ ಹಿಡದು ನಿಂತಾರ ನೋಡು ಅಳಿಯಾರು, ಹೊಲಾ ಪಾಲ ಮಾಡಾಕ ಬಂದಂಗ."

ನನಗೂ ನಗು ಬಂತು. ಗೂಟ ಕಿತ್ತು ಹಾಕಿದೆ. ಅವರು ಊರಿನಿಂದ ಬರುವಾಗ ತಮ್ಮ ಬಟ್ಟೆಯ ಗಂಟಿನಲ್ಲಿ ಹಳೆಯ ಸೀರೆಯ ಚೂರೊಂದನ್ನು ತಂದಿದ್ದರು. ಅದರ ಒಂದೊಂದು ಮೂಲೆಯಲ್ಲೂ ಒಂದೊಂದು ಬೀಜ ಗಂಟು ಕಟ್ಟಿತ್ತು: ರಾಜಗಿರಿ, ಸಬ್ಬಸಿಗೆ, ಚವಳಿ, ಹೀರೆ. ಕೈ ಮುರಿದು ಮಗಳ ಮನೆಗೆ ಬರುವಾಗ ಬೀಜ ಕಟ್ಟಿಕೊಂಡು ಬಂದಿದ್ದರು. ಸಬ್ಬಸಿಗೆಯನ್ನು ಎಡಗೈಯಿಂದ ಚೆಲ್ಲಿದಾಗ ಅದು ಒಂದೇ ಕಡೆ ಬಿತ್ತು. ಅವರು ತಮ್ಮ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡು ಕೂತರು. ಆಮೇಲೆ ಬೀಜದ ಬಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ಚೆಲ್ಲಿದೆ. ಅವರು ಕೂತಲ್ಲಿಂದಲೇ ಮಣ್ಣು ಸವರಿದರು.

ನಮ್ಮೂರಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುತ್ತದೆ. ಹಾಗಾಗಿ ಬಚ್ಚಲಿನ ನೀರು ಹಿತ್ತಲಿಗೆ ಹರಿಯುವಂತೆ ಒಂದು ಕಾಲುವೆ ತೋಡಿದೆ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಬಕೆಟ್ಟಿನಲ್ಲಿ ಕೂಡಿಟ್ಟು ಸಂಜೆ ಹಾಕುತ್ತಿದ್ದೆವು. ಒಂದು ಸಂಜೆ ನೀರು ಹಾಕುವಾಗ ಅವರು, ಯಾರಿಗೂ ಅಲ್ಲ ಎಂಬಂತೆ, ಹೊಳೆದಂಡೆಯ ತಮ್ಮ ಹಳೆಯ ಹಿತ್ತಲ ಮಾತು ತೆಗೆದರು. ಮಲಪ್ರಭೆ ಉಕ್ಕಿ ಬಂದ ವರ್ಷ ಆ ಮನೆ ಬಿದ್ದಿತ್ತು. ಅದು ನನಗೆ ಗೊತ್ತಿದ್ದ ಸಂಗತಿಯೇ.

"ಮನಿ ಬಿತ್ತಂತ ನನಗ ಅಳು ಬರಲಿಲ್ಲ," ಎಂದರು. "ಬದನಿ ಗಿಡ ಆಗ ಹೂ ಬಿಟ್ಟಿದ್ವು. ನೀರ ಇಳದ ಮ್ಯಾಲ ಹೋಗಿ ನೋಡಿದ್ರ ಗಿಡಾನೂ ಇಲ್ಲ, ಆ ಮಣ್ಣೂ ಇಲ್ಲ. ಬರೇ ಉಸುಕು. ಆಗ ಅತ್ತುಬಿಟ್ಟೆ."

ನಾನು "ಹೌದ್ರಿ" ಎಂದೆ. ಮರುದಿನ ಸಂತೆಯಿಂದ ಬದನೆ ಸಸಿ ತಂದು ಹಿತ್ತಲ ಬಾಗಿಲ ಬಳಿ ಇಟ್ಟೆ.

ಇಷ್ಟೆಲ್ಲ ನಡುವೆಯೂ ಸಂಜೆ ಹೊತ್ತು ನನ್ನ ಓದು ನಡೆದಿತ್ತು. ಪಡಸಾಲೆಯ ದೀಪದ ಕೆಳಗೆ ನಾನು ಕಾದಂಬರಿ ಹಿಡಿದು ಕೂಡುತ್ತಿದ್ದೆ, ಅವರು ಒಳಗೆ ಕತ್ತಲಲ್ಲೇ ಕೂತಿರುತ್ತಿದ್ದರು. ಟಿವಿ ಹಚ್ಚಿಕೊಡಲೇ ಎಂದರೆ ಬೇಡವೆಂದಿದ್ದರು. ಒಂದು ದಿನ ಪಕ್ಕದ ಮನೆಯಾಕೆ ತಲೆ ಬಾಚಿ ಹೊರಡುವಾಗ ನಗುತ್ತ ಹೇಳಿದರು, "ಸರ, ಅವ್ವಾರು ಒಂದು ಮಾತು ಕೇಳ್ಯಾರ್ರಿ. ಇಷ್ಟೊತ್ತು ಓದ್ತಾರಲ್ಲ, ಮನಸಿನ್ಯಾಗ ಓದಿದ್ರ ಮನ್ಯಾಗ ಇದ್ದವರಿಗೇನು ಬಂತು ಅಂತ."

ಆ ಸಂಜೆ ನಾನು ಹೊಸ ಪುಸ್ತಕವೊಂದನ್ನು ತೆಗೆದು ಮೊದಲ ಪುಟದಿಂದ ದೊಡ್ಡದಾಗಿ ಓದತೊಡಗಿದೆ. ಇಬ್ಬರು ಅಣ್ಣತಮ್ಮಂದಿರು, ಒಂದು ಬಾವಿ, ಅದರ ನೀರಿಗಾಗಿ ಮುರಿದುಬಿದ್ದ ಮನೆ, ಆ ಮನೆಗೆ ಬಂದ ಕಿರಿಯ ಸೊಸೆ. ಶಾಲೆಯಲ್ಲಿ ಪ್ರಮೇಯ ಓದಿ ರೂಢಿಯಾದ ನನ್ನ ದನಿಗೆ ಕಥೆ ಓದುವುದು ಮೊದಲು ಸರಿಬರಲಿಲ್ಲ. ಎರಡು ಪುಟ ಕಳೆಯುವಷ್ಟರಲ್ಲಿ ಒಳಗಿನಿಂದ "ಹ್ಞೂಂ" ಎಂದದ್ದು ಕೇಳಿತು. ಆ ಹ್ಞೂಂಗುಟ್ಟುವುದು ನಿಂತಾಗ ನಾನು ನಿಲ್ಲಿಸುತ್ತಿದ್ದೆ. ನಿದ್ದೆ ಹತ್ತಿರಬಹುದೆಂದು ಪುಸ್ತಕ ಮುಚ್ಚಿದರೆ, "ಆ ಹುಡಿಗಿ ಬಾವಿ ಕಟ್ಟಿ ಮ್ಯಾಲ ನಿಂತಾಳ. ಅಲ್ಲೇ ಬಿಟ್ಟು ಎದ್ರ ಹ್ಯಾಂಗ?" ಎಂದು ಕತ್ತಲು ಕೇಳುತ್ತಿತ್ತು.

ನಾಲ್ಕು ದಿನಕ್ಕೆ ಅವರು ಬಾಗಿಲ ಹಿಂದೆ ಬಂದು ಕೂತರು. ವಾರ ಕಳೆಯುವಷ್ಟರಲ್ಲಿ ಹೊಸ್ತಿಲ ಒಳಗೆ, ಅರ್ಧ ಬಾಗಿಲು ತೆರೆದು. ಕಥೆಯ ಜನರ ಬಗ್ಗೆ ಅವರ ತೀರ್ಮಾನಗಳು ಬಹಳ ಖಡಾಖಂಡಿತ. ದೊಡ್ಡಣ್ಣ ಕೆಟ್ಟವನಲ್ಲ, ಹೊಟ್ಟೆ ತುಂಬ ಉಣ್ಣದೆ ಸಿಟ್ಟು ಮಾಡಿಕೊಳ್ಳುತ್ತಾನೆ. ಕಿರಿಯ ಸೊಸೆ ತವರಿಗೆ ಹೋಗಬಾರದಿತ್ತು. ಕಾದಂಬರಿಯ ನಡುವೆ ಒಂದು ಕಡೆ ಆ ಸೊಸೆ ಬದನೆ ನೆಟ್ಟು ಹದಿನೈದೇ ದಿನಕ್ಕೆ ಕಾಯಿ ಕೊಯ್ಯುತ್ತಾಳೆ. ನಾನು ಗಮನಿಸದೆ ಓದಿಕೊಂಡು ಮುಂದೆ ಹೋದೆ.

"ನಿಂದ್ರು, ನಿಂದ್ರು," ಎಂದರು. ನನಗೆ ಹೇಳಿದರೋ ಕಾದಂಬರಿಗೆ ಹೇಳಿದರೋ. "ಹದಿನೈದು ದಿನಕ್ಕ ಬದನಿಕಾಯಿ? ಇದನ್ನ ಬರದಾವ್ರು ಬದನಿಕಾಯಿ ಸಂತ್ಯಾಗಷ್ಟ ನೋಡ್ಯಾರ."

ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಗುರುತು ಹಾಕಿದೆ. ಗ್ರಂಥಾಲಯದ ಪುಸ್ತಕದಲ್ಲಿ ನಾನು ಬರೆದದ್ದು ಅದೊಂದೇ ಸಲ.

ಹೀಗೆ ಮೂರು ಕಾದಂಬರಿ ಮುಗಿದವು. ನನಗೆ ಮೆಂತ್ಯದ ಝುಣಕ, ಶೇಂಗಾ ಚಟ್ನಿ, ಹುಳಿಬಾನ ಮಾಡಲು ಬಂದವು. ರೊಟ್ಟಿ ದುಂಡಗಾಗತೊಡಗಿತು. ಅವರ ಮುಖ ತುಸು ತುಂಬಿಕೊಂಡದ್ದನ್ನು ಪಕ್ಕದ ಮನೆಯಾಕೆ ಮೊದಲು ಗಮನಿಸಿ ಹೇಳಿದರು. ಆದರೂ ಅವರು ನನ್ನೆದುರು ಕೂತು ಉಂಡಿರಲಿಲ್ಲ, ನನ್ನ ಮುಖ ನೋಡಿ ಒಂದು ಮಾತನ್ನೂ ಆಡಿರಲಿಲ್ಲ.

ಮೇ ತಿಂಗಳ ನಡುವೆ, ಬೆಳಗಿನ ಎಂಟು ಗಂಟೆ. ನಾನು ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿದ್ದೆ. ಹೆಂಡತಿಯ ಫೋನು ಬಂತು. ಮಗಳಿಗೆ ಬೆಳಗಿನ ಜಾವ ನೋವು ಶುರುವಾಗಿದೆ, ಇನ್ನೂ ತಿಂಗಳ ಮೇಲೆ ದಿನ ಇವೆ, ದವಾಖಾನೆಗೆ ತಂದಿದ್ದೇವೆ, ಆಪರೇಷನ್ ಮಾಡಬೇಕೆನ್ನುತ್ತಾರೆ, ಕೂಸಿನ ಬಗ್ಗೆ ಈಗಲೇ ಏನೂ ಹೇಳಲಾಗದಂತೆ. ಅಷ್ಟು ಹೇಳಿ ಅವಳು ಅಳತೊಡಗಿದಳು. ಫೋನು ಕಟ್ಟಾಯಿತು.

ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಹಿಟ್ಟು ಮೆತ್ತಿದ ಕೈಗಳು ತೊಡೆಯ ಮೇಲಿದ್ದವು. ಹಂಚಿನಲ್ಲಿ ರೊಟ್ಟಿ ಸೀದು ಹೊಗೆ ತುಂಬಿತು.

ಅತ್ತೆಯವರು ಒಳಗೆ ಬಂದು ಎಡಗೈಯಿಂದ ಗ್ಯಾಸ್ ಆರಿಸಿದರು. ಫೋನಿನಲ್ಲಿ ಬಂದದ್ದು ಅವರಿಗೂ ಕೇಳಿಸಿತ್ತು. ನನ್ನ ಎದುರಿಗೆ, ಒಂದು ಮೊಳದ ಅಂತರದಲ್ಲಿ, ನೆಲಕ್ಕೆ ಕೂತರು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಅವರು ಅದನ್ನು ಎಳೆದುಕೊಳ್ಳಲಿಲ್ಲ.

"ಈ ಕಡೆ ನೋಡ್ರಿ," ಎಂದರು.

ನೋಡಿದೆ. ಇಪ್ಪತ್ತಾರು ವರ್ಷಗಳಲ್ಲಿ ಅವರ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೆಂಡತಿಯ ಕಣ್ಣುಗಳೇ, ಸ್ವಲ್ಪ ಬಣ್ಣ ಇಳಿದಿದ್ದವು.

"ನಾ ಸುಳ್ಳ ಹೇಳೂದಿಲ್ರಿ. ಹೆರಿಗಿ ಅಂದ್ರ ಅಂಜಿಕಿ ಇದ್ದದ್ದ. ನಾ ನಾಕು ಹಡದೀನಿ, ಎರಡ ಉಳದ್ವು. ಹೋದ ಎರಡೂ ಹಿಂಗ, ದಿನ ತುಂಬದ ಬಂದಿದ್ವು. ಆಗ ದವಾಖಾನಿ ಇರಲಿಲ್ಲ, ಏನೂ ಇರಲಿಲ್ಲ. ಈಗ ಆಕಿ ದವಾಖಾನ್ಯಾಗ ಅದಾಳ. ಡಾಕ್ಟರ್ ಅದಾರ. ನನ್ನ ಮಗಳು ಬಾಜೂಕ ಅದಾಳ. ಏಳ್ರಿ. ಕೈ ತೊಳಕೊಳ್ರಿ."

ಎರಡು ಮಕ್ಕಳು ಹೋದದ್ದು ನನಗೆ ಗೊತ್ತಿರಲಿಲ್ಲ. ಹೆಂಡತಿ ಎಂದೂ ಹೇಳಿರಲಿಲ್ಲ, ಬಹುಶಃ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಎದ್ದು ಕೈ ತೊಳೆದೆ. ಅವರು ಮೊದಲೆರಡು ರೊಟ್ಟಿಗಳನ್ನು ತಾಟಿಗೆ ಹಾಕಿ, ಮೇಲೆ ಮೊಸರು ಸುರಿದು ನನ್ನ ಮುಂದೆ ಇಟ್ಟರು.

"ಉಣ್ರಿ. ದಾರಿ ದೂರ ಐತಿ. ನಾನೂ ಬರ್ತೀನಿ."

"ನಿಮಗ ಬಸ್ಸಿನ್ಯಾಗ ತ್ರಾಸ ಆಕೈತ್ರಿ, ಕೈ ಹಿಂಗೈತಿ."

"ಕೈ ಮುರದೈತಿ, ಕಾಲು ಗಟ್ಟಿ ಅದಾವು."

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಮದುವೆ ಸೀಸನ್ನಿನ ಜನ. ಬಸ್ಸಿನಲ್ಲಿ ಒಂದೇ ಸೀಟಿನ ಜಾಗ ಸಿಕ್ಕಿತು. ಅವರನ್ನು ಕೂಡಿಸಿ ನಾನು ಕಂಬಿ ಹಿಡಿದು ನಿಂತೆ. ರೋಣದಲ್ಲಿ ಪಕ್ಕದವರು ಇಳಿದಾಗ ಅವರು ಎಡಗೈಯಿಂದ ಖಾಲಿ ಜಾಗ ಒರೆಸಿ, "ಕೂಡ್ರಿ," ಎಂದರು. ಅತ್ತೆ ಅಳಿಯ ಒಂದೇ ಸೀಟಿನಲ್ಲಿ ಕೂಡುವುದು ಅವರ ಲೆಕ್ಕದಲ್ಲಿ ಎಷ್ಟು ದೊಡ್ಡ ಸಂಗತಿಯೆಂದು ನನಗೆ ತಿಳಿದಿತ್ತು. ಕೂತೆ. ಕಿಟಕಿಯಾಚೆ ಕಪ್ಪು ಹೊಲಗಳು ಬಿರುಕು ಬಿಟ್ಟುಕೊಂಡು ಮಳೆಗಾಗಿ ಕಾದು ಮಲಗಿದ್ದವು. ನಾನು ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡಿದ್ದೆ.

ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ಫೋನು ಸದ್ದು ಮಾಡಿತು. ಹೆಣ್ಣು ಕೂಸು. ಬಹಳ ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಸಿರಾಟ ಸರಿಯಿದೆ. ಮಗಳು ಹುಷಾರಾಗಿದ್ದಾಳೆ.

ನಾನು ಹೇಳಿದೆ. ಅತ್ತೆಯವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದರು. ಆಮೇಲೆ, "ಹೆಣ್ಣಾ? ಚಲೋ ಆತು. ಹೆಣ್ಣು ಹಟದಿಂದ ಉಳಿತಾವು," ಎಂದರು. ನಾನು ಕೆಳಗಿಳಿದು ಎರಡು ಕಪ್ ಚಹಾ ತಂದು ಕಿಟಕಿಯಿಂದ ಕೊಟ್ಟೆ. ಒಳಗೆ ಬಂದು ನೋಡಿದರೆ ಅವರು ಕುಡಿಯದೆ ಹಿಡಿದುಕೊಂಡು ಕೂತಿದ್ದರು. ನಾನು ಕೂತ ಮೇಲೆ ಕುಡಿದರು, ನನ್ನ ಪಕ್ಕದಲ್ಲಿ, ಎಡಗೈಯಿಂದ, ಊದಿ ಊದಿ.

ಹುಬ್ಬಳ್ಳಿಯ ದವಾಖಾನೆಯ ಉದ್ದನೆಯ ಪಡಸಾಲೆಯಲ್ಲಿ ಬಾಣಂತಿಯರ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ಯಾರೋ ಅತ್ತೆಯವರ ಪ್ಲಾಸ್ಟರ್ ನೋಡಿ, "ಕೈ ಹಿಂಗೈತಿ, ಮಗಳು ಇಲ್ಲೇ ಅದಾಳ, ಮನ್ಯಾಗ ಉಣ್ಣಾಕ ಹ್ಯಾಂಗ ಮಾಡ್ತಿದ್ರಿ ಅಜ್ಜಿ?" ಎಂದು ಕೇಳಿದರು.

ಅತ್ತೆಯವರು ನನ್ನ ಕಡೆ ಗದ್ದ ತೋರಿಸಿದರು. "ಇವ್ರು ನಮ್ಮ ಅಳಿಯಾರು. ದೊಡ್ಡ ಸಾಲಿ ಮಾಸ್ತರು. ದಿನಾ ನನಗ ಬಿಸಿ ರೊಟ್ಟಿ ಬಡದು ಹಾಕ್ಯಾರ. ಸಂಜಿಕ ಕತಿ ಓದಿ ಹೇಳ್ಯಾರ."

ಸಾಲಿನಲ್ಲಿ ಕೂತವರೆಲ್ಲ ತಿರುಗಿ ನನ್ನನ್ನು ನೋಡಿದರು. ಹೆಂಡತಿ ಕೈಯಲ್ಲಿ ಔಷಧಿ ಚೀಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಬೆಳಗಿನಿಂದ ಅತ್ತು ಬಾತಿದ್ದ ಮುಖದಲ್ಲೇ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ನೆಲ ನೋಡುತ್ತ ನಿಂತೆ. ಅಷ್ಟು ನಾಚಿಕೆ ಮತ್ತು ಅಷ್ಟು ಹೆಮ್ಮೆ ನನಗೆ ಒಟ್ಟಿಗೆ ಆದದ್ದು ಬೇರೆ ನೆನಪಿಲ್ಲ.

ಕೂಸನ್ನು ಗಾಜಿನ ಆಚೆಯಿಂದ ಒಬ್ಬೊಬ್ಬರಾಗಿ ನೋಡಿದೆವು. ನನ್ನ ಅಂಗೈಗಿಂತ ಸ್ವಲ್ಪ ಉದ್ದವಿದ್ದಳು. ಅತ್ತೆಯವರು ಗಾಜಿಗೆ ಹಣೆ ಹಚ್ಚಿ ನಿಂತವರು ನರ್ಸು ಬಂದು ಕರೆಯುವವರೆಗೆ ಸರಿಯಲಿಲ್ಲ.

ಮೂರು ದಿನ ಇದ್ದು ನಾವಿಬ್ಬರೂ ಊರಿಗೆ ಮರಳಿದೆವು. ಅಲ್ಲಿ ಮಲಗಲು ಜಾಗವಿರಲಿಲ್ಲ, ಇಲ್ಲಿ ಗಿಡಗಳಿಗೆ ನೀರು ಬೇಕಿತ್ತು. ಪಕ್ಕದ ಮನೆಯಾಕೆ ನೀರು ಹಾಕಿ ಕಾಪಾಡಿದ್ದರು. ಸಬ್ಬಸಿಗೆ ಗೇಣುದ್ದ ಎದ್ದು ಹಿತ್ತಲೆಲ್ಲ ಘಮಘಮ ಎನ್ನುತ್ತಿತ್ತು. ಅದನ್ನು ನೋಡಿದ್ದೇ ಅತ್ತೆಯವರಿಗೆ ಕೆಲಸ ಸಿಕ್ಕಂತಾಯಿತು.

"ಬಾಣಂತಿಗೆ ಇದರಷ್ಟು ಚಲೋ ಪಲ್ಯ ಇಲ್ಲ. ಹಾಲು ಬರ್ತಾವು. ಬಸ್ಸಿಗೆ ಬುತ್ತಿ ಹಾಕ್ತಾರೇನ್ರಿ ಈಗ?" ಎಂದು ನನ್ನನ್ನೇ ಕೇಳಿದರು.

"ಹಾಕ್ತಾರ್ರಿ. ನಾ ಕಂಡಕ್ಟರ್‌ಗೆ ಹೇಳ್ತೀನಿ."

ಅಲ್ಲಿಂದ ಹತ್ತು ಹನ್ನೆರಡು ದಿನ ನಮ್ಮದು ಅದೇ ಉದ್ಯೋಗ. ಬೆಳಿಗ್ಗೆ ಬೆಳಕು ಹರಿಯುವಾಗ ಅವರು ಸೊಪ್ಪು ಕೊಯ್ದು ಕೊಡುತ್ತಿದ್ದರು. ನಾನು ಹೆಸರುಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಖಾರ ಹೆಚ್ಚಾಯಿತೆಂದು ಅವರು ಎರಡು ಸಲ ಪಲ್ಯವನ್ನೇ ತಿರಸ್ಕರಿಸಿ ಹೊಸದಾಗಿ ಮಾಡಿಸಿದರು. ಹುಬ್ಬಳ್ಳಿಯ ಬಸ್ಸಿಗೆ ಡಬ್ಬಿ ಹಾಕಿ ಬಂದು ನಾನು ಪುಸ್ತಕ ಹಿಡಿಯುತ್ತಿದ್ದೆ. ಈಗ ಅವರು ಹೊಸ್ತಿಲು ದಾಟಿ ಬಂದು ಚಾಪೆಯ ಇನ್ನೊಂದು ತುದಿಗೆ ಕೂಡುತ್ತಿದ್ದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು.

ರೋಣದಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ಕೈ ಒಣಗಿದ ಕಡ್ಡಿಯ ಹಾಗಾಗಿತ್ತು. ಬಿಸಿನೀರಿನಲ್ಲಿ ಇಟ್ಟು ಬೆರಳು ಮಡಚುವುದನ್ನು ಡಾಕ್ಟರು ಹೇಳಿಕೊಟ್ಟರು. ನಾನು ಓದುವಾಗ ಅವರು ಬಕೆಟ್ಟಿನಲ್ಲಿ ಕೈ ಅದ್ದಿಕೊಂಡು ಕೂಡುತ್ತಿದ್ದರು. ಮೇ ಕೊನೆಗೆ ಹೆಂಡತಿ, ಮಗಳು, ಕೂಸು ಬಂದರು. ಮನೆ ತುಂಬಿತು. ಕೂಸಿಗೆ ಎಣ್ಣೆ ಹಚ್ಚುವವರು, ನೋಡಲು ಬರುವವರು. ಜನರ ನಡುವೆ ಅತ್ತೆಯವರ ಸೆರಗು ಮತ್ತೆ ತಲೆಗೇರಿತು, ಊಟ ಒಳಗೆ ಹೋಯಿತು. ನನಗೆ ಬೇಸರವಾಗದಿರಲಿಲ್ಲ. ಶಾಲೆ ಶುರುವಾಯಿತು. ಮೊದಲ ಮಳೆ ಬಿದ್ದ ವಾರ ಅವರ ಮಗ ಗೋವೆಯಿಂದ ಬಂದು ತಾಯಿಯನ್ನು ಹೊಳೆಆಲೂರಿಗೆ ಕರೆದುಕೊಂಡು ಹೋದ. ಹೋಗುವಾಗ ಅವರು ಬಾಗಿಲ ಬಳಿ ನಿಂತು, "ಹೋಗಿ ಬರ್ತೀನಂತ ಹೇಳು," ಎಂದು ಮಗಳಿಗೆ ಹೇಳಿದರು.

ಶ್ರಾವಣದಲ್ಲಿ ಕೂಸನ್ನು ನೋಡಲೆಂದು ಮತ್ತೆ ಬಂದರು. ಅದು ಭಾನುವಾರ. ಹೊರಗೆ ಜಿಟಿಜಿಟಿ ಮಳೆ. ಕೂಸು ಅವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಪಡಸಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅವರು ಕೂಸಿನ ಸಮೇತ ಬಂದು ಚಾಪೆಯ ಮೇಲೆ ಕೂತು, ಈ ಸಲ ತಮ್ಮ ಹೊಲಕ್ಕೆ ಹೆಸರು ಬಿತ್ತಿದ್ದು, ಮಗ ಎಷ್ಟು ಹೇಳಿದರೂ ಕೇಳದೆ ಒತ್ತಾಗಿ ಬಿತ್ತಿದ್ದು ಹೇಳತೊಡಗಿದರು. ನಾನು ಪೆನ್ನು ಕೆಳಗಿಟ್ಟೆ. ಒತ್ತಾದರೆ ಏನಾಗುತ್ತದೆ ಎಂದು ಕೇಳಿದೆ. ಅವರು ನೆಲದ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಒಪ್ಪಲಿಲ್ಲ. ಮಾತು ಸ್ವಲ್ಪ ಜೋರಾಯಿತು.

ಹೆಂಡತಿ ಎರಡು ಕಪ್ ಚಹಾ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಒಂದು ಕಪ್ ನನಗೆ ಹೊರಗೆ ಕೊಟ್ಟು, ಇನ್ನೊಂದನ್ನು ತಾಯಿಗೆ ಒಳಗೆ ಒಯ್ಯಬೇಕೆಂದಿದ್ದಳೆಂದು ತೋರುತ್ತದೆ. ನಾವಿಬ್ಬರೂ ಅವಳ ಕಡೆ ನೋಡಿ ಮತ್ತೆ ನಮ್ಮ ವಾದಕ್ಕೆ ತಿರುಗಿದೆವು. ಅವಳು ಕಪ್ಪುಗಳನ್ನು ನಮ್ಮ ನಡುವೆ ಚಾಪೆಯ ಮೇಲೆ ಇಟ್ಟಳು, ಒಳಗೆ ಹೋದಳು, ತನಗೂ ಒಂದು ಕಪ್ ತಂದುಕೊಂಡು ಬಂದು ತಾಯಿಯ ಪಕ್ಕ ಕೂತಳು.